ಇಂಟರ್‌ವ್ಯೂ ಆಯ್ತು, ಓತ್ ಯಾವಾಗ? ಅಮೆರಿಕದ ಸಿಟಿಜನ್‌ಶಿಪ್ ಕೊನೆಯ ಹಂತದಲ್ಲಿ ನಿಂತರೆ ಏನು ಮಾಡಬೇಕು

ಅಮೆರಿಕದ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿದ ಎಷ್ಟೋ ಜನರಿಗೆ ಇಂಟರ್‌ವ್ಯೂ ಆದ ಕೆಲವು ವಾರಗಳಲ್ಲೇ ಓತ್ ಆಗಿಬಿಡುತ್ತದೆ. ಕೆಲವು ಆಫೀಸುಗಳಲ್ಲಿ ಅದೇ ದಿನ ಪ್ರಮಾಣ ಮಾಡಿಸಿ ಸರ್ಟಿಫಿಕೇಟ್ ಕೈಗಿಟ್ಟು ಕಳಿಸುವುದೂ ಉಂಟು. ಆದರೆ ಕೆಲವರ ಫೈಲ್ ಅಲ್ಲೇ ನಿಂತುಬಿಡುತ್ತದೆ. ಇಂಗ್ಲಿಷ್ ಪರೀಕ್ಷೆ ಪಾಸು, ಸಿವಿಕ್ಸ್ (ಅಮೆರಿಕದ ಇತಿಹಾಸ, ಆಡಳಿತದ ಪ್ರಶ್ನೆಗಳು) ಪಾಸು, ಕೇಳಿದ ಕಾಗದವೆಲ್ಲ ಕೊಟ್ಟಾಗಿದೆ. ಆಮೇಲೆ ತಿಂಗಳುಗಟ್ಟಲೆ ಆನ್‌ಲೈನ್ ಖಾತೆಯಲ್ಲಿ ಅದೇ ಒಂದು ಸಾಲು.

ನಮ್ಮವರಿಗೆ ಕಾಯುವುದು ಹೊಸದಲ್ಲ. ಎಚ್-1ಬಿ, ಅದರ ಮೇಲೆ ಗ್ರೀನ್ ಕಾರ್ಡ್ ಸಾಲು ಅಂತ ಹತ್ತು ಹದಿನೈದು ವರ್ಷ ಕಾದು ಬಂದವರೇ ಜಾಸ್ತಿ. ಹಾಗಾಗಿ ಈ ಕೊನೆಯ ತಡವನ್ನೂ ಸುಮ್ನೆ ಸಹಿಸಿಕೊಳ್ಳುತ್ತಾರೆ. ಕೇಳಿದರೆ ಎಲ್ಲಿ ಅಧಿಕಾರಿಗೆ ಸಿಟ್ಟು ಬಂದು ಕೆಲಸ ಕೆಡುತ್ತದೋ ಅನ್ನುವ ಭಯ ಬೇರೆ. ಆದರೆ ಈ ಎರಡು ಕಾಯುವಿಕೆ ಒಂದೇ ಅಲ್ಲ. ಉದ್ಯೋಗದ ಮೇಲೆ ಬರುವ ಗ್ರೀನ್ ಕಾರ್ಡ್‌ಗೆ ದೇಶವಾರು ಮಿತಿ ಇದೆ. ಅಲ್ಲಿ ಸರದಿ ಬರುವ ತನಕ ಯಾರೂ ಏನೂ ಮಾಡಲಾಗದು. ಸಿಟಿಜನ್‌ಶಿಪ್‌ಗೆ ಅಂಥ ಮಿತಿಯೇ ಇಲ್ಲ. ಅಷ್ಟೇ ಅಲ್ಲ, ಇಂಟರ್‌ವ್ಯೂ ಮುಗಿದ ಮೇಲೆ ಸರ್ಕಾರಕ್ಕೇ ಕಾನೂನು ಒಂದು ಗಡುವು ಹಾಕಿದೆ. ಆ ಗಡುವು ಯಾವ ಹಂತಕ್ಕೆ ಅನ್ವಯಿಸುತ್ತದೆ, ಯಾವುದಕ್ಕೆ ಇಲ್ಲ ಅನ್ನುವುದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲು, ಎಲ್ಲಿ ನಿಂತಿದೆ ನೋಡಿ

ಇಂಟರ್‌ವ್ಯೂ ಮುಗಿದಾಗ ಅಧಿಕಾರಿ ಒಂದು ಹಾಳೆ ಕೊಡುತ್ತಾರೆ. ಅದೇ ಎನ್-652. ಮನೆಗೆ ಬಂದು ಯಾವುದೋ ಡ್ರಾಯರ್‌ಗೆ ಹಾಕಿ ಮರೆಯುವ ಕಾಗದ ಅದಲ್ಲ. ಅರ್ಜಿಯನ್ನು ಒಪ್ಪಿಗೆಗೆ ಶಿಫಾರಸು ಮಾಡಿದ್ದಾರಾ, ಇನ್ನೂ ಪುರಾವೆ ಬೇಕು ಅಂತ ಮುಂದೂಡಿದ್ದಾರಾ, ಅಥವಾ ಈಗಲೇ ತೀರ್ಮಾನ ಮಾಡಲಾಗದು ಅಂದಿದ್ದಾರಾ ಅನ್ನುವುದು ಅದರಲ್ಲೇ ಇರುತ್ತದೆ. ಇಂಟರ್‌ವ್ಯೂ ನಡೆದ ದಿನಾಂಕಕ್ಕೂ ಅದೇ ಸಾಕ್ಷಿ.

ಇಲ್ಲಿ ಮೂರು ಸ್ಥಿತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಇಂಟರ್‌ವ್ಯೂ ಇನ್ನೂ ಆಗೇ ಇಲ್ಲ ಅನ್ನುವುದು ಒಂದು. ಇಂಟರ್‌ವ್ಯೂ ಆಗಿದೆ, ತೀರ್ಮಾನ ಬಂದಿಲ್ಲ ಅನ್ನುವುದು ಇನ್ನೊಂದು. ಒಪ್ಪಿಗೆ ಸಿಕ್ಕಿದೆ, ಓತ್‌ಗೆ ಕರೆ ಬಂದಿಲ್ಲ ಅನ್ನುವುದು ಮೂರನೆಯದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ, ಕಾನೂನಿನ ಕಣ್ಣಿಗೆ ಮೂರೂ ಬೇರೆ. ಕಾನೂನು ದಿನ ಎಣಿಸಿ ಬಲ ಕೊಟ್ಟಿರುವುದು ನಡುವಿನದಕ್ಕೆ.

ಫೈಲ್ ನಿಲ್ಲುವುದಕ್ಕೆ ಕಾರಣ ಹಲವು. ತೀರಾ ಸಾಮಾನ್ಯವಾದದ್ದು ಒಂದು ಕಾಗದದ ಕೊರತೆ. ಆದಾಯ ತೆರಿಗೆಯ ಟ್ರಾನ್ಸ್‌ಕ್ರಿಪ್ಟ್, ಹಳೆಯ ಪೊಲೀಸ್ ಕೇಸಿಗೆ ಕೋರ್ಟಿನ ಮುದ್ರೆ ಇರುವ ತೀರ್ಪು, ವಿಚ್ಛೇದನದ ಆದೇಶ, ವಿದೇಶ ಪ್ರಯಾಣದ ತಾರೀಖುಗಳು, ಇಂಥವು. ಇದನ್ನೆಲ್ಲ ಎನ್-14 ಅನ್ನುವ ಫಾರಂನಲ್ಲಿ ಬರೆದು ಕೇಳುತ್ತಾರೆ. ಕೊಟ್ಟ ಅವಧಿಯೊಳಗೆ, ಕಳಿಸಿದ್ದಕ್ಕೆ ರಸೀದಿ ಸಿಗುವ ಹಾಗೆ ಕಳಿಸಿ. ಉದ್ಯೋಗದ ಮೇಲೆ ಗ್ರೀನ್ ಕಾರ್ಡ್ ಪಡೆದವರಿಗೆ ಇನ್ನೊಂದು ಪ್ರಶ್ನೆ ಬರಬಹುದು: ಸ್ಪಾನ್ಸರ್ ಮಾಡಿದ ಕಂಪನಿಯಲ್ಲಿ ನಿಜವಾಗಿ ಕೆಲಸ ಮಾಡಿದ್ದೀರಾ, ಎಷ್ಟು ದಿನ? ಕಾರ್ಡ್ ಬಂದ ಕೂಡಲೇ ಕೆಲಸ ಬಿಟ್ಟವರು, ಅಥವಾ ಆಗಲೇ ಲೇಆಫ್ ಆದವರು ಆ ಕಾಲದ ಪೇ ಸ್ಲಿಪ್, ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆಯ ಲೆಕ್ಕದ ಹಾಳೆ), ಕಂಪನಿಯ ಪತ್ರ ತೆಗೆದಿಟ್ಟುಕೊಂಡಿರಬೇಕು.

ಆಮೇಲೆ ಹಿನ್ನೆಲೆ ತಪಾಸಣೆ. ಎಫ್‌ಬಿಐ ಎರಡು ಥರ ನೋಡುತ್ತದೆ. ಒಂದು ಬೆರಳಚ್ಚು, ಇನ್ನೊಂದು ಹೆಸರು. ಬೆರಳಚ್ಚಿನ ಫಲಿತಾಂಶಕ್ಕೆ 15 ತಿಂಗಳ ಆಯಸ್ಸು. ಅದು ಮುಗಿದರೆ ಮತ್ತೆ ಕರೆಯಬಹುದು, ಅದಕ್ಕೆ ಗಾಬರಿ ಬೇಡ. ಹೆಸರಿನ ತಪಾಸಣೆ ಮಾತ್ರ ಸ್ವಲ್ಪ ತೊಡಕಿನದು. ನೀವು ಬಳಸಿದ ಎಲ್ಲ ಹೆಸರುಗಳನ್ನೂ ಹಳೆಯ ದಾಖಲೆಗಳಲ್ಲಿ ಹುಡುಕುತ್ತಾರೆ. ನಮ್ಮ ಕಡೆ ಹೆಸರಿನ ಕಥೆ ಗೊತ್ತೇ ಇದೆ ಅಲ್ವಾ. ಶಾಲೆಯ ದಾಖಲೆಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಊರಿನ ಹೆಸರೋ ಅಪ್ಪನ ಹೆಸರೋ ಸರ್‌ನೇಮ್, ಮದುವೆಯ ನಂತರ ಇನ್ನೊಂದು. ಒಂದೊಂದು ದಾಖಲೆಯಲ್ಲಿ ಒಂದೊಂದು ರೂಪ. ಅರ್ಜಿಯಲ್ಲಿ ಅವೆಲ್ಲವನ್ನೂ ಬಿಡದೆ ಬರೆಯುವುದೇ ಒಳ್ಳೆಯದು. ಬರೆಯದೆ ಬಿಟ್ಟ ಹೆಸರು ಆಮೇಲೆ ಅವರಿಗೇ ಸಿಕ್ಕರೆ ತಡ ಹೆಚ್ಚುತ್ತದೆ.

ಕೆಲವೊಮ್ಮೆ ಕಾರಣ ನಿಮ್ಮಲ್ಲಿ ಇರುವುದೇ ಇಲ್ಲ. ವಲಸೆ ಫೈಲುಗಳಲ್ಲಿ ಇನ್ನೂ ಕಾಗದದವು ಬಹಳ. ಅವುಗಳ ದೊಡ್ಡ ಸಂಗ್ರಹ ಇರುವುದು ಮಿಸೌರಿ ರಾಜ್ಯದ ಲೀಸ್ ಸಮಿಟ್‌ನಲ್ಲಿ, ನೆಲದಡಿಯ ಸುಣ್ಣಕಲ್ಲಿನ ಗುಹೆಯೊಳಗೆ. ಅಲ್ಲಿಂದ ನಿಮ್ಮ ಊರಿನ ಆಫೀಸಿಗೆ ಫೈಲ್ ಬರಬೇಕು. ನೀವು ಮಧ್ಯದಲ್ಲಿ ಬೇರೆ ರಾಜ್ಯಕ್ಕೆ ಮನೆ ಬದಲಿಸಿದರೆ ಅದು ಇನ್ನೊಂದು ಆಫೀಸಿಗೆ ಹೋಗಬೇಕು. ಹಾಗಂತ ವಿಳಾಸ ತಿಳಿಸದೆ ಇರಬೇಡಿ. 10 ದಿನದೊಳಗೆ ತಿಳಿಸಲೇಬೇಕು ಅನ್ನುವುದು ಕಾನೂನು, ಓತ್ ಪತ್ರ ಹಳೆಯ ಮನೆಗೆ ಹೋದರೆ ನಷ್ಟ ನಿಮಗೇ.

ಇನ್ನು ದೇಶಕ್ಕೇ ಬಂದ ಕಾರಣಗಳು. 2020ರ ಮಾರ್ಚ್ 18ರಂದು ಕೋವಿಡ್ ಕಾರಣಕ್ಕೆ ಯುಎಸ್‌ಸಿಐಎಸ್ (ಈ ಅರ್ಜಿಗಳನ್ನು ನೋಡುವ ಅಮೆರಿಕದ ವಲಸೆ ಇಲಾಖೆ) ಆಫೀಸುಗಳು ಜನರಿಗೆ ಬಾಗಿಲು ಮುಚ್ಚಿದವು, ಜೂನ್ 4ರವರೆಗೆ ತೆರೆಯಲಿಲ್ಲ. ಒಪ್ಪಿಗೆ ಸಿಕ್ಕಿ ಓತ್ ಒಂದೇ ಬಾಕಿ ಇದ್ದವರೆಲ್ಲ ಅಲ್ಲೇ ಸಿಕ್ಕಿಕೊಂಡರು. 2025ರ ಡಿಸೆಂಬರ್‌ನಲ್ಲಿ 19 ದೇಶಗಳವರ ಅರ್ಜಿಗಳನ್ನು ತಡೆಹಿಡಿಯಲು ಆದೇಶ ಬಂತು. ಅದರಿಂದ ಓತ್‌ಗೆ ದಿನ ನಿಗದಿಯಾಗಿದ್ದವರೂ ನಿಲ್ಲಬೇಕಾಯಿತು. ಭಾರತ ಆ 19ರಲ್ಲಿ ಇರಲಿಲ್ಲ. ಆದರೂ ಒಪ್ಪಿಗೆಗೂ ಓತ್‌ಗೂ ನಡುವಿನ ಜಾಗ ಎಷ್ಟು ಸಡಿಲ ಅನ್ನುವುದು ಅದರಿಂದ ಗೊತ್ತಾಗುತ್ತದೆ.

120 ದಿನ

ಈಗ ಮುಖ್ಯ ವಿಷಯ. ಇಂಟರ್‌ವ್ಯೂ ನಡೆದ ಮೇಲೆ 120 ದಿನದೊಳಗೆ ಕೊಡುತ್ತೇವೆ ಅಥವಾ ಕೊಡುವುದಿಲ್ಲ ಅಂತ ತೀರ್ಮಾನ ಮಾಡಬೇಕು ಅಂತ ಯುಎಸ್‌ಸಿಐಎಸ್‌ನ ನಿಯಮವೇ ಹೇಳುತ್ತದೆ. ಮಾಡದಿದ್ದರೆ, ಅಮೆರಿಕದ ಕಾನೂನು ಸಂಹಿತೆಯ 8ನೇ ಭಾಗದ 1447(ಬಿ) ಕಲಂ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಫೆಡರಲ್ ಕೋರ್ಟಿಗೆ ಹೋಗಬಹುದು. ಕೋರ್ಟ್ ತಾನೇ ನಿಮ್ಮ ಅರ್ಜಿಯನ್ನು ತೀರ್ಮಾನಿಸಬಹುದು, ಇಲ್ಲವೇ ಇಂತಿಷ್ಟು ದಿನದಲ್ಲಿ ಮುಗಿಸಿ ಅಂತ ಸೂಚನೆ ಕೊಟ್ಟು ಇಲಾಖೆಗೆ ವಾಪಸ್ ಕಳಿಸಬಹುದು.

ಇಂಟರ್‌ವ್ಯೂ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಿ. ಮಾರ್ಚ್ 1ಕ್ಕೆ ಇಂಟರ್‌ವ್ಯೂ ಆಗಿದ್ದರೆ ಜೂನ್ 29ಕ್ಕೆ 120 ದಿನ ತುಂಬುತ್ತದೆ. ಅದಕ್ಕೆ ಮುಂಚೆ ಹೋದರೆ ಈ ಕಲಂ ಕೆಲಸಕ್ಕೆ ಬರುವುದಿಲ್ಲ. ಮೊದಲ ಸಲ ಸಿವಿಕ್ಸ್ ಅಥವಾ ಇಂಗ್ಲಿಷ್ ಪಾಸಾಗದೆ 60ರಿಂದ 90 ದಿನದೊಳಗೆ ಮತ್ತೆ ಕರೆಸಿಕೊಂಡಿದ್ದರೆ ಎಣಿಕೆ ಯಾವತ್ತಿನಿಂದ ಅನ್ನುವ ಪ್ರಶ್ನೆ ಏಳಬಹುದು. ನಿಯಮದ ಮಾತು ಮೊದಲ ಇಂಟರ್‌ವ್ಯೂ ದಿನದಿಂದ ಅಂತಲೇ ಇದೆ.

"ಎಫ್‌ಬಿಐ ತಪಾಸಣೆ ಇನ್ನೂ ಮುಗಿದಿಲ್ಲ, ಹಾಗಾಗಿ ಅರ್ಜಿಯ ಪರಿಶೀಲನೆಯೇ ಮುಗಿದಿಲ್ಲ, 120 ದಿನ ಶುರುವೇ ಆಗಿಲ್ಲ" ಅನ್ನುವುದು ಸರ್ಕಾರದ ಹಳೆಯ ವಾದ. 2005ರ ಆಚೀಚೆ ಹೆಸರಿನ ತಪಾಸಣೆ ವರ್ಷಗಟ್ಟಲೆ ನಿಂತಾಗ ನೂರಾರು ಜನ ಕೋರ್ಟಿಗೆ ಹೋದರು, ಆಗ ಈ ವಾದ ಪದೇ ಪದೇ ಬಂತು. ಕೆಲವು ನ್ಯಾಯಾಧೀಶರು ಒಪ್ಪಿದರು. ಹೆಚ್ಚಿನವರು ಒಪ್ಪಲಿಲ್ಲ. ಟೆಕ್ಸಾಸ್ ಸೇರುವ ಐದನೇ ಸರ್ಕ್ಯೂಟ್‌ನ (ಹಲವು ರಾಜ್ಯಗಳು ಸೇರಿದ ಒಂದು ಕೋರ್ಟ್ ವಲಯ) ಮೇಲ್ಮನವಿ ಕೋರ್ಟ್ 2007ರಲ್ಲಿ ಸ್ಪಷ್ಟವಾಗಿ ಹೇಳಿತು: ತಪಾಸಣೆ ಮುಗಿಯುವ ಮುಂಚೆಯೇ ಇಂಟರ್‌ವ್ಯೂ ಮಾಡಿದ್ದು ಇಲಾಖೆಯ ತಪ್ಪು, ಗಡಿಯಾರ ಇಂಟರ್‌ವ್ಯೂ ದಿನದಿಂದಲೇ ಓಡುತ್ತದೆ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆಯ ಕನ್ನಡಿಗರಿಗೆ ಇದು ನೇರವಾಗಿ ಅನ್ವಯಿಸುವ ಮಾತು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳು ಸೇರುವ ಒಂಬತ್ತನೇ ಸರ್ಕ್ಯೂಟ್ 2004ರಲ್ಲೇ ಇನ್ನೊಂದು ಮುಖ್ಯ ಮಾತು ಹೇಳಿತ್ತು. ನೀವು ಸರಿಯಾದ ಸಮಯಕ್ಕೆ ಕೇಸ್ ಹಾಕಿದ ಮೇಲೆ ಅರ್ಜಿ ಕೋರ್ಟಿನ ಕೈಗೆ ಹೋಗುತ್ತದೆ, ಕೋರ್ಟ್ ವಾಪಸ್ ಕಳಿಸುವ ತನಕ ಇಲಾಖೆ ಅದನ್ನು ಮುಟ್ಟುವಂತಿಲ್ಲ.

ಬಹಳ ಕೇಸುಗಳು ಪೂರ್ತಿ ವಿಚಾರಣೆಯವರೆಗೆ ಹೋಗುವುದೇ ಇಲ್ಲ. ಕೇಸ್ ದಾಖಲಾದ ಮೇಲೆ ಸರ್ಕಾರಿ ವಕೀಲರ ಕಚೇರಿ ಉತ್ತರ ಕೊಡಬೇಕು, ಅದಕ್ಕೆ 60 ದಿನ ಇರುತ್ತದೆ. ಅವರು ಇಲಾಖೆಗೆ ಫೋನ್ ಮಾಡಿ "ಯಾಕೆ ಇಟ್ಟುಕೊಂಡಿದ್ದೀರಿ?" ಅಂತ ಕೇಳುತ್ತಾರೆ. ಗಟ್ಟಿ ಕಾರಣ ಇಲ್ಲದಿದ್ದರೆ ಎರಡೂ ಕಡೆಯವರು ಒಪ್ಪಿ, ಇಂತಿಷ್ಟು ದಿನದಲ್ಲಿ ತೀರ್ಮಾನ ಮಾಡುತ್ತೇವೆ ಅಂತ ಬರೆದುಕೊಟ್ಟು ಫೈಲ್ ವಾಪಸ್ ಪಡೆಯುತ್ತಾರೆ. ಕೋರ್ಟಿನ ಶುಲ್ಕ 405 ಡಾಲರ್. ಲಾಯರ್ ಫೀಸು ಬೇರೆ. ಲಾಯರ್ ಇಲ್ಲದೆಯೂ ಕೇಸ್ ಹಾಕಲು ಅವಕಾಶ ಇದೆ. ಆದರೆ ಇಲಾಖೆಗೆ, ಸರ್ಕಾರಿ ವಕೀಲರಿಗೆ ಸರಿಯಾಗಿ ನೋಟಿಸ್ ತಲುಪಿಸುವ ಕ್ರಮದಲ್ಲೇ ಎಡವುವ ಸಾಧ್ಯತೆ ಜಾಸ್ತಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕೋರ್ಟಿಗೆ ಹೋಗುವುದು ಬೇಗ ಮುಗಿಸಿ ಅಂತ ಕೇಳುವುದಕ್ಕೆ ಮಾತ್ರ. ಫೈಲಿನೊಳಗೆ ನಿಜವಾದ ತೊಂದರೆ ಇದ್ದರೆ ಬೇಗ ಬರುವ ಉತ್ತರ "ಇಲ್ಲ" ಅಂತಲೂ ಆಗಬಹುದು. ಹಳೆಯ ಬಂಧನ, ಕಟ್ಟದ ತೆರಿಗೆ, ದೀರ್ಘ ಕಾಲ ಹೊರಗಿದ್ದುದು, ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಹೊಂದದ ಮಾಹಿತಿ, ಇಂಥದ್ದು ಏನಾದರೂ ಇದೆ ಅಂತ ಅನುಮಾನ ಇದ್ದರೆ ಮೊದಲು ಮಾಹಿತಿ ಕಾಯ್ದೆಯಡಿ ನಿಮ್ಮ ಪೂರ್ತಿ ಫೈಲಿನ ಪ್ರತಿ ತರಿಸಿ. ಅದಕ್ಕೆ ಶುಲ್ಕ ಇರುವುದಿಲ್ಲ. ಅದನ್ನು ಅನುಭವ ಇರುವ ವಲಸೆ ಲಾಯರ್‌ಗೆ ತೋರಿಸಿ, ಆಮೇಲೆ ಹೆಜ್ಜೆ ಇಡಿ. ಇಂಥ ಫೈಲುಗಳಲ್ಲಿ ಸಿಟಿಜನ್‌ಶಿಪ್ ಅಷ್ಟೇ ಅಲ್ಲ, ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ಅರ್ಜಿ ತಿರಸ್ಕಾರವಾದರೆ ಎನ್-336 ಅನ್ನುವ ಫಾರಂನಲ್ಲಿ 30 ದಿನದೊಳಗೆ ಮರುವಿಚಾರಣೆ ಕೇಳಬಹುದು. ಅದರ ದಾರಿ ಬೇರೆ.

ಕೋರ್ಟಿಗೆ ಮುಂಚೆ

120 ದಿನ ತುಂಬುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಆನ್‌ಲೈನ್‌ನಲ್ಲಿ ಫೈಲ್ ಏನಾಯ್ತು ಅಂತ ಕೇಳಬಹುದು, ಫೋನ್ ಮಾಡಬಹುದು, ಸ್ಥಳೀಯ ಆಫೀಸಿನಲ್ಲಿ ಭೇಟಿಗೆ ಸಮಯ ಕೇಳಬಹುದು. ಉತ್ತರ ಬಹಳ ಸಲ "ಪರಿಶೀಲನೆಯಲ್ಲಿದೆ" ಅಂತಲೇ ಬರುತ್ತದೆ. ಆದರೂ ಕೇಳಿ. ನೀವು ಕೇಳಿದ ದಿನಾಂಕ, ಅವರು ಕೊಟ್ಟ ಉತ್ತರ ಎಲ್ಲವನ್ನೂ ಬರೆದಿಡಿ. ಮುಂದೆ ಕೋರ್ಟಿಗೆ ಹೋದರೆ ನೀವು ತಾಳ್ಮೆಯಿಂದ ಎಲ್ಲ ಬಾಗಿಲೂ ತಟ್ಟಿದ್ದೀರಿ ಅನ್ನುವುದಕ್ಕೆ ಅದೇ ದಾಖಲೆ.

ನಮ್ಮವರು ಬಳಸದೆ ಬಿಡುವ ಒಳ್ಳೆಯ ದಾರಿ ಅಂದರೆ ಸ್ಥಳೀಯ ಸಂಸದರ ಕಚೇರಿ. "ನಾನು ಇನ್ನೂ ಸಿಟಿಜನ್ ಅಲ್ಲ, ವೋಟೂ ಇಲ್ಲ, ನನ್ನ ಮಾತು ಯಾಕೆ ಕೇಳುತ್ತಾರೆ?" ಅಂತ ಹಿಂಜರಿಯುತ್ತಾರೆ. ಕೇಳುತ್ತಾರೆ. ನೀವು ಅವರ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ಕಾಂಗ್ರೆಸ್ ಸದಸ್ಯರಿಗೆ, ಸೆನೆಟರ್‌ಗಳಿಗೆ ಇಂಥ ಕೆಲಸಕ್ಕೆ ಅಂತಲೇ ಸಿಬ್ಬಂದಿ ಇರುತ್ತಾರೆ. ಅವರ ವೆಬ್‌ಸೈಟಿನಲ್ಲಿ ಅನುಮತಿ ಪತ್ರದ ಫಾರಂ ಇರುತ್ತದೆ. ನಿಮ್ಮ ಮಾಹಿತಿ ಕೇಳಲು ನೀವು ಅನುಮತಿ ಕೊಟ್ಟಿದ್ದೀರಿ ಅಂತ ಅದರಲ್ಲಿ ಸಹಿ ಹಾಕಿ, ರಸೀದಿ ಸಂಖ್ಯೆ, ಇಂಟರ್‌ವ್ಯೂ ದಿನಾಂಕ, ಎನ್-652ರ ಪ್ರತಿ ಕೊಡಿ. ಒಂದು ಪುಟದಲ್ಲಿ ಚಿಕ್ಕದಾಗಿ ವಿಷಯ ಬರೆಯಿರಿ. ಅವರು ಇಲಾಖೆಗೆ ಆದೇಶ ಕೊಡಲಾರರು. ಆದರೆ ಅವರ ಪ್ರಶ್ನೆಗೆ ಇಲಾಖೆ ಉತ್ತರ ಬರೆಯಬೇಕಾಗುತ್ತದೆ, ಆ ನೆಪದಲ್ಲಿ ಯಾರಾದರೂ ಫೈಲ್ ತೆರೆಯುತ್ತಾರೆ. ಕಪಾಟಿನಲ್ಲಿ ಮರೆತುಹೋದ ಫೈಲಿಗೆ ಅಷ್ಟೇ ಸಾಕಾಗಿಬಿಡಬಹುದು. ಇದಕ್ಕೆ ಒಂದು ಡಾಲರೂ ಖರ್ಚಿಲ್ಲ.

ಇಂಟರ್‌ವ್ಯೂ ಆಗದೆಯೇ ವರ್ಷ ಕಳೆದವರಿಗೆ 120 ದಿನದ ಕಲಂ ಇಲ್ಲ. ಅವರು "ಅತಿಯಾದ ವಿಳಂಬ" ಅಂತ ಮ್ಯಾಂಡಮಸ್, ಅಂದರೆ ಇಲಾಖೆ ತನ್ನ ಕೆಲಸ ಮಾಡಲಿ ಅನ್ನುವ ಕೋರ್ಟ್ ಆದೇಶ, ಕೇಳಬೇಕು. ನಮ್ಮ ಹೈಕೋರ್ಟಿನಲ್ಲಿ ರಿಟ್ ಹಾಕುವ ಹಾಗೆಯೇ. ಅಲ್ಲಿ ಇಷ್ಟು ದಿನ ಅಂತ ಗೆರೆ ಇಲ್ಲದ್ದರಿಂದ ಎಷ್ಟು ತಡವಾದರೆ ಅತಿ ಅನ್ನುವುದನ್ನು ನ್ಯಾಯಾಧೀಶರೇ ತೂಗುತ್ತಾರೆ.

ಒಪ್ಪಿಗೆ ಸಿಕ್ಕಿದೆ, ಓತ್ ಮಾತ್ರ ಇಲ್ಲ

ಒಪ್ಪಿಗೆಯೇ ಒಂದು ತೀರ್ಮಾನ. ಹಾಗಾಗಿ ಅದು ಬಂದ ಮೇಲೆ 1447(ಬಿ) ಹೊಂದಿಸುವುದು ಕಷ್ಟ, ತೀರಾ ತಡವಾದರೆ ಮ್ಯಾಂಡಮಸ್ ಕಡೆಗೇ ನೋಡಬೇಕು. ಆದರೆ ಅದಕ್ಕೂ ಮುಂಚೆ ನಿಮ್ಮ ಓತ್ ಕೊಡಿಸುವವರು ಯಾರು ಅಂತ ತಿಳಿದುಕೊಳ್ಳಿ. ಕೆಲವು ಜಿಲ್ಲೆಗಳಲ್ಲಿ ಓತ್ ಕೊಡಿಸುವ ಹಕ್ಕನ್ನು ಫೆಡರಲ್ ಕೋರ್ಟ್ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಅಲ್ಲಿ ಕೋರ್ಟಿನ ಕ್ಯಾಲೆಂಡರ್ ಪ್ರಕಾರವೇ ಸಮಾರಂಭ. ಇನ್ನು ಅರ್ಜಿಯಲ್ಲೇ ಹೆಸರು ಬದಲಾವಣೆ ಕೇಳಿದ್ದರೆ, ಹೆಸರು ಬದಲಿಸುವ ಅಧಿಕಾರ ಇರುವುದು ಕೋರ್ಟಿಗೆ ಮಾತ್ರ. ಇಲಾಖೆಯ ಆಫೀಸಿನಲ್ಲಿ ಅದೇ ದಿನ ಓತ್ ಸಿಗುವ ಅವಕಾಶ ಆಗ ತಪ್ಪುತ್ತದೆ. ಊರಿನ ಹೆಸರು ಸರ್‌ನೇಮ್ ಆಗಿ ಕೂತಿರುವುದನ್ನು ಸರಿಮಾಡಿಸಲು ಇದು ಒಳ್ಳೆಯ ಅವಕಾಶವೇ. ಆದರೆ ಆತುರ ಇರುವವರು ಆ ಕೋರಿಕೆ ಕೈಬಿಟ್ಟು, ಆಮೇಲೆ ರಾಜ್ಯದ ಕೋರ್ಟಿನಲ್ಲಿ ಹೆಸರು ಬದಲಿಸಿಕೊಳ್ಳುವುದು ಮೇಲು.

ತುರ್ತು ಇದ್ದರೆ ಬೇಗ ಓತ್ ಕೊಡಿಸಿ ಅಂತ ಕೇಳಲು ನಿಯಮದಲ್ಲೇ ಜಾಗ ಇದೆ. ನಿಮಗೆ ಅಥವಾ ಮನೆಯವರಿಗೆ ಗಂಭೀರ ಕಾಯಿಲೆ, ಅಂಗವೈಕಲ್ಯ, ಇಳಿವಯಸ್ಸು, ಪ್ರಯಾಣ ಅಥವಾ ಕೆಲಸದ ತುರ್ತು, ಇವು ಅಲ್ಲಿ ಹೇಳಿರುವ ಕಾರಣಗಳು. ಆಸ್ಪತ್ರೆಯ ಪತ್ರ, ಕೆಲಸದ ಆಫರ್, ಹೀಗೆ ಕಾಗದ ಸಮೇತ ಬರೆದು ಕೇಳಿ.

ಇವೆಲ್ಲಕ್ಕಿಂತ ದೊಡ್ಡ ತುರ್ತು ಒಂದಿದೆ, ಅದು ಮಕ್ಕಳ ವಯಸ್ಸು. ಗ್ರೀನ್ ಕಾರ್ಡ್ ಇರುವ, ಅಪ್ಪ ಅಮ್ಮನ ಜೊತೆ ಅಮೆರಿಕದಲ್ಲೇ ಇರುವ ಮಗುವಿಗೆ, ಇಬ್ಬರಲ್ಲಿ ಒಬ್ಬರು ಓತ್ ತೆಗೆದುಕೊಂಡ ಕೂಡಲೇ ತಾನಾಗಿಯೇ ಪೌರತ್ವ ಬರುತ್ತದೆ. 2000ದ ಕಾಯ್ದೆ ಕೊಟ್ಟ ಸೌಲಭ್ಯ ಅದು. ಆದರೆ ಆ ದಿನ ಮಗುವಿಗೆ 18 ತುಂಬಿರಬಾರದು. ಅರ್ಜಿ ಹಾಕಿದ ದಿನದ ವಯಸ್ಸೂ ಲೆಕ್ಕಕ್ಕಿಲ್ಲ, ಇಂಟರ್‌ವ್ಯೂ ದಿನದ್ದೂ ಇಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ವಯಸ್ಸು ಹಿಡಿದಿಡುವ ಲೆಕ್ಕಾಚಾರ ಇದೆ, ಇಲ್ಲಿ ಅದು ನಡೆಯುವುದಿಲ್ಲ. ನಮ್ಮವರಿಗೆ ಗ್ರೀನ್ ಕಾರ್ಡ್ ಸಿಗುವಷ್ಟರಲ್ಲೇ ಮಕ್ಕಳು ಹೈಸ್ಕೂಲಿಗೆ ಬಂದಿರುತ್ತಾರೆ, ಹಾಗಾಗಿ ಈ ಲೆಕ್ಕ ನಮಗೆ ಬಹಳ ಮುಖ್ಯ. ಗಂಡ ಹೆಂಡತಿ ಒಟ್ಟಿಗೇ ಹಾಕೋಣ ಅಂತ ಕಾಯಬೇಡಿ, ಯಾರಿಗೆ ಮೊದಲು ಅರ್ಹತೆ ಬರುತ್ತದೋ ಅವರು ಹಾಕಿಬಿಡಿ. ತಡವಾಗುತ್ತಿದ್ದರೆ ಮಗುವಿನ ಹುಟ್ಟಿದ ದಿನಾಂಕವನ್ನು ಇಲಾಖೆಗೂ, ಸಂಸದರ ಕಚೇರಿಗೂ ಮೊದಲ ಸಾಲಿನಲ್ಲೇ ಬರೆಯಿರಿ. 18 ದಾಟಿಬಿಟ್ಟರೆ ಆ ಮಗು ತಾನೇ ಅರ್ಜಿ ಹಾಕಿ ಮೊದಲಿನಿಂದ ಬರಬೇಕು.

ಓತ್ ತನಕ ನೀವು ಸಿಟಿಜನ್ ಅಲ್ಲ, ಒಪ್ಪಿಗೆ ಪತ್ರ ಕೈಯಲ್ಲಿದ್ದರೂ ಅಲ್ಲ. ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗ ಮತದಾರರಾಗಿ ಹೆಸರು ಸೇರಿಸಲೇ ಅಂತ ಕೇಳುತ್ತಾರೆ. ಅಲ್ಲಿ ಅಪ್ಪಿತಪ್ಪಿಯೂ ಹೌದು ಅನ್ನಬೇಡಿ. ಸಿಟಿಜನ್ ಅಂತ ಸುಳ್ಳು ಹೇಳಿದ ಹಾಗಾಗಿ ದೇಶ ಬಿಡಿಸುವವರೆಗೂ ಹೋಗಬಹುದು. ಊರಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂದರೆ ಹೋಗಿ ಬರಬಹುದು, ಅದಕ್ಕೆ ತಡೆ ಇಲ್ಲ. ಆದರೆ ಆರು ತಿಂಗಳು ಮೀರಬೇಡಿ. ಅಮೆರಿಕದಲ್ಲಿ ನಿರಂತರ ವಾಸ ಅನ್ನುವ ಷರತ್ತು ಓತ್ ದಿನದವರೆಗೂ ಮುಂದುವರಿಯುತ್ತದೆ. ಈ ನಡುವೆ ಗ್ರೀನ್ ಕಾರ್ಡ್ ಅವಧಿ ಮುಗಿದರೆ, 2022ರ ಡಿಸೆಂಬರ್ 12ರಂದು ಅಥವಾ ನಂತರ ಅರ್ಜಿ ಹಾಕಿದವರಿಗೆ ಎನ್-400ರ (ಸಿಟಿಜನ್‌ಶಿಪ್ ಅರ್ಜಿಯ ಫಾರಂ) ರಸೀದಿಯೇ ಅದನ್ನು 24 ತಿಂಗಳು ವಿಸ್ತರಿಸುತ್ತದೆ. ಕಾರ್ಡ್ ಜೊತೆ ಆ ರಸೀದಿ ಇಟ್ಟುಕೊಂಡೇ ಓಡಾಡಿ.

ಕೊನೆಗೆ ಎನ್-445 ಅನ್ನುವ ಕರೆ ಬರುತ್ತದೆ. ಇಂಟರ್‌ವ್ಯೂ ನಂತರ ವಿದೇಶಕ್ಕೆ ಹೋಗಿದ್ದೀರಾ, ಮದುವೆ ಅಥವಾ ವಿಚ್ಛೇದನ ಆಗಿದೆಯಾ, ಪೊಲೀಸರು ಹಿಡಿದಿದ್ದಾರಾ ಅನ್ನುವ ಪ್ರಶ್ನೆಗಳು ಅದರಲ್ಲಿರುತ್ತವೆ. ಸಮಾರಂಭದ ದಿನವೇ ತುಂಬಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಆ ದಿನ ಹೋಗಲಾಗದಿದ್ದರೆ ಕಾರಣ ಬರೆದು ಬೇರೆ ದಿನ ಕೇಳಿ. ಸರಿಯಾದ ಕಾರಣ ಇಲ್ಲದೆ ಒಂದಕ್ಕಿಂತ ಹೆಚ್ಚು ಸಲ ತಪ್ಪಿಸಿಕೊಂಡರೆ ನೀವೇ ಅರ್ಜಿ ಬಿಟ್ಟಿರಿ ಅಂತ ತಿಳಿಯುತ್ತಾರೆ. ಗ್ರೀನ್ ಕಾರ್ಡನ್ನು ಅಲ್ಲೇ ಒಪ್ಪಿಸಬೇಕು. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಎರಡನ್ನೂ ಅಲ್ಲೇ ನಿಂತು ನೋಡಿ. ಆಮೇಲೆ ತಿದ್ದಿಸಲು ಹೋದರೆ ಎನ್-565 ಅನ್ನುವ ಇನ್ನೊಂದು ಅರ್ಜಿ, ಇನ್ನೊಂದು ಕಾಯುವಿಕೆ.

ಭಾರತಕ್ಕೆ ಟಿಕೆಟ್ ತೆಗೆಯುವುದನ್ನು ಮಾತ್ರ ಓತ್ ಆಚೀಚೆ ಇಟ್ಟುಕೊಳ್ಳಬೇಡಿ. ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ ಅಂತ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಹೇಳುತ್ತದೆ. ಓತ್ ಆದ ಮೇಲೆ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವುದು ಅಪರಾಧ. ಅಮೆರಿಕದ ಪಾಸ್‌ಪೋರ್ಟ್ ಇನ್ನೂ ಬಂದಿರುವುದಿಲ್ಲ, ಅದರ ಅರ್ಜಿಗೆ ಓತ್ ಸರ್ಟಿಫಿಕೇಟಿನ ಮೂಲ ಪ್ರತಿಯನ್ನೇ ಕಳಿಸಬೇಕು. ಅದು ಬಂದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯಬೇಕು, ಆಮೇಲೆ ಒಸಿಐಗೆ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಅರ್ಜಿ. ಇಷ್ಟೂ ಮುಗಿಯಲು ತಿಂಗಳುಗಳು ಹಿಡಿಯಬಹುದು. ನಡುವೆ ಹೋಗಲೇಬೇಕಾಗಿ ಬಂದರೆ, ಅಮೆರಿಕದ ಪಾಸ್‌ಪೋರ್ಟಿಗೆ ತುರ್ತು ಅಪಾಯಿಂಟ್‌ಮೆಂಟ್ ಹಿಡಿದು, ಅದರ ಮೇಲೆ ಭಾರತದ ಇ-ವೀಸಾ ತೆಗೆದು ಹೋಗಬಹುದು.